ಚಿತ್ರ ನೋಡಲು ಒಂದೇ ದಿನ ಇದ್ದರೆ ನನಗೆ ಬೆಂಗಳೂರಿಗಿಂತ ಬಾವುಟಗುಡ್ಡೆ ಮೇಲು

ಮಂಗಳೂರಿನಲ್ಲಿರುವವರಿಗೆ ಒಂದು ದಿನವಿಡೀ ಗ್ಯಾಲರಿ ಸುತ್ತಿ ಚಿತ್ರಕಲೆ ನೋಡುವ ಆಸೆಯಾದರೆ ಮೂರು ದಾರಿ ಉಂಟು. ರಾತ್ರಿ ಬಸ್ಸಿಗೆ ಬೆಂಗಳೂರು, ಬೆಳಿಗ್ಗೆ ಎಕ್ಸ್‌ಪ್ರೆಸ್ ಹಿಡಿದು ಮಣಿಪಾಲ, ಇಲ್ಲವಾದರೆ ಊರೊಳಗೇ ಬಾವುಟಗುಡ್ಡೆಯಿಂದ ಬಲ್ಲಾಳ್‌ಬಾಗ್. ಮೂರನ್ನೂ ಮಾಡಿ ನೋಡಿದ್ದೇನೆ. ಈಗ ಯಾರು ಕೇಳಿದರೂ ಮೊದಲು ಊರಿನದ್ದೇ ಹೇಳುತ್ತೇನೆ.

ಬೆಂಗಳೂರಿನಲ್ಲಿ ನೋಡುವಂಥದ್ದು ಕಡಿಮೆ ಎಂದು ಹೇಳುವ ಧೈರ್ಯ ಯಾರಿಗೂ ಬಾರದು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್ನಿನಲ್ಲಿ 2009ರಲ್ಲಿ ಶುರುವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಉಂಟು, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೋಗ್ರಫಿ ಉಂಟು. ನನಗೆ ಹೆಚ್ಚು ಪ್ರೀತಿ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಮೇಲೆ. ರಷ್ಯಾದ ಕಲಾವಿದ ರೋರಿಕ್ ಬರೆದ ಹಿಮಾಲಯದ ಚಿತ್ರಗಳು ಅಲ್ಲಿವೆ, ತೊಗಲುಗೊಂಬೆಗಳ ಸಂಗ್ರಹವೂ ಇದೆ. ಉಪ್ಪಿನಕುದ್ರುವಿನ ಸೂತ್ರದ ಗೊಂಬೆ ನೋಡಿ ಬೆಳೆದ ನಮ್ಮ ಕಡೆಯವರಿಗೆ ಚರ್ಮದೊಳಗಿಂದ ಬೆಳಕು ಹಾಯುವ ಆ ಕೆಂಪು, ಆ ಹಸಿರು ಬೇರೆಯೇ ಲೋಕ.

ತೊಂದರೆ ಇರುವುದು ಚಿತ್ರಗಳಲ್ಲಿ ಅಲ್ಲ, ಬೆಳಗಿನ ಆ ನಾಲ್ಕೈದು ಗಂಟೆಗಳಲ್ಲಿ. ಶಿರಾಡಿ ಘಾಟಿ ಹತ್ತಿ ಹೋದ ಬಸ್ಸು ಆರು ಗಂಟೆಯ ಹೊತ್ತಿಗೆ ಮೆಜೆಸ್ಟಿಕ್ ಸುತ್ತಮುತ್ತ ಎಲ್ಲೋ ಇಳಿಸುತ್ತದೆ. ಗ್ಯಾಲರಿಗಳ ಬಾಗಿಲು ತೆರೆಯುವುದು ಹತ್ತರ ಮೇಲೆ. ಅಲ್ಲಿಯವರೆಗೆ ಎಲ್ಲಿರುವುದು? ಮುಖ ತೊಳೆಯಬೇಕು, ಬಟ್ಟೆ ಬದಲಿಸಬೇಕು, ಚೀಲವನ್ನು ಎಲ್ಲಾದರೂ ಇಡಬೇಕು. ಕಳೆದ ಸಲ ಒಂದು ಲಾಡ್ಜಿನಲ್ಲಿ ಎರಡು ಗಂಟೆ ಸಾಕು ಎಂದು ಕೇಳಿದರೆ ಇಡೀ ದಿನದ ಬಾಡಿಗೆ ಕೊಡಿ ಎಂದರು. ರೈಲ್ವೆ ಕ್ಲೋಕ್ ರೂಮಿನಲ್ಲಿ ಇಡೋಣವೆಂದರೆ ರೈಲಿನ ಟಿಕೆಟ್ ಬೇಕು, ಚೀಲಕ್ಕೆ ಬೀಗವೂ ಬೇಕು; ಬಸ್ಸಿನಲ್ಲಿ ಬಂದವರು ಟಿಕೆಟ್ ಎಲ್ಲಿಂದ ತರುವುದು? ಕೊನೆಗೆ ದೊಡ್ಡ ಚೀಲ ಬೆನ್ನಿಗೇರಿಸಿಕೊಂಡು ಇಡ್ಲಿ ತಿಂದು, ಕಾಫಿ ಕುಡಿದು, ಮತ್ತೊಂದು ಕಾಫಿ ಕುಡಿದು, ಕಬ್ಬನ್ ಪಾರ್ಕಿನ ಬೆಂಚಿನಲ್ಲಿ ಹೊತ್ತು ಕಳೆದದ್ದಾಯಿತು.

ಹಾಳಾದದ್ದು ಆ ಹೊತ್ತು ಮಾತ್ರ ಅಲ್ಲ. ಹನ್ನೊಂದು ಗಂಟೆಗೆ ಚಿತ್ರದ ಎದುರು ನಿಂತಾಗ ಕಣ್ಣು ಎಳೆಯುತ್ತಿತ್ತು. ರೋರಿಕ್‌ನ ಬೆಟ್ಟಗಳಲ್ಲಿ ಒಂದು ನೀಲಿಯ ಹಿಂದೆ ಇನ್ನೊಂದು ನೀಲಿ ಇರುತ್ತದೆ, ಎರಡು ನಿಮಿಷ ಸುಮ್ಮನೆ ನಿಂತರೆ ಮಾತ್ರ ಅವು ಬೇರೆ ಬೇರೆಯಾಗಿ ಕಾಣುವುದು. ನಿದ್ದೆಗೆಟ್ಟ ಕಣ್ಣಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಪಕ್ಕದ ಚೀಟಿ ಓದಿ ಮುಂದೆ ಹೋಗುತ್ತೇವೆ. ಅಲ್ಲಿಂದ ಇನ್ನೊಂದು ಗ್ಯಾಲರಿಗೆ ಆಟೋ, ಟ್ರಾಫಿಕ್. ಸಂಜೆಯಾಗುತ್ತಿದ್ದಂತೆ ವಾಪಸ್ ಬಸ್ಸಿನ ಚಿಂತೆ. ಇಷ್ಟಕ್ಕೆ ಹೋಗಿಬರುವ ಸ್ಲೀಪರ್ ಟಿಕೆಟ್ಟೇ ವಾರಾಂತ್ಯದಲ್ಲಿ ಎರಡು ಸಾವಿರದ ಆಸುಪಾಸು, ಊಟ ಆಟೋ ಬೇರೆ.

ಹೋಗುವವರು ಸೋಮವಾರ ತಪ್ಪಿಸಿ. ರಾಷ್ಟ್ರೀಯ ಗ್ಯಾಲರಿಗೂ ಮ್ಯಾಪಿಗೂ ಅಂದು ರಜೆ.

ಮಣಿಪಾಲದ್ದು ನಡುವಿನ ದಾರಿ. ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಒಂದಕ್ಕೇ ಅರ್ಧ ದಿನ ಬೇಕು. ಕುಕನೂರಿನಿಂದ ಬಂದ ಕಮಲ ಮಹಲಿನ ಮರದ ಕೆಲಸದ ಎದುರು ಮಾತು ಹೊರಡುವುದಿಲ್ಲ. ರವಿವರ್ಮನ ಓಲಿಯೋಗ್ರಾಫ್‌ಗಳೂ, ಅಂದರೆ ತೈಲಚಿತ್ರದಂತೆ ಕಾಣುವ ಅಚ್ಚಿನ ಚಿತ್ರಗಳೂ ಅಲ್ಲಿವೆ. ಆದರೆ ಒಳಗೆ ಗೈಡ್ ಜೊತೆಗೇ ನಡೆಯಬೇಕು. ಬೇರೆಯವರಿಗೆ ಇದು ಅನುಕೂಲವೇ, ಕಥೆ ಕೇಳುತ್ತಾ ಹೋಗಬಹುದು. ಒಂದೇ ಚಿತ್ರದ ಎದುರು ಅರ್ಧ ಗಂಟೆ ನಿಲ್ಲುವ ಅಭ್ಯಾಸದವಳಾದ ನನಗೆ ಹೊಂದುವುದಿಲ್ಲ. ಮನೆಗೆ ನೆಂಟರು ಬಂದಾಗ ಕರೆದುಕೊಂಡು ಹೋಗಲು ಮಾತ್ರ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಇನ್ನು ನಮ್ಮ ಊರು. ತಿಂಡಿಗೆ ಬನ್ಸ್ ತಿಂದು ಸಿಟಿ ಬಸ್ಸಿನಲ್ಲಿ ಹಂಪನಕಟ್ಟೆಗೆ ಬಂದು ಇಳಿದು, ಬಾವುಟಗುಡ್ಡೆ ಹತ್ತಿದರೆ ಸಂತ ಅಲೋಶಿಯಸ್ ಚಾಪೆಲ್. ಇಟಲಿಯಿಂದ ಬಂದ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರ ನಡುವೆ ಇಡೀ ಚಾಪೆಲಿನ ಒಳಗೆ ಚಿತ್ರ ಬರೆದರು. ಗೋಡೆಯವು ಫ್ರೆಸ್ಕೊ, ಅಂದರೆ ಹಸಿ ಗಾರೆಯ ಮೇಲೆ ಹಚ್ಚಿದ ಬಣ್ಣ. ಗಾರೆ ಒಣಗುವುದರೊಳಗೆ ಅಂದಿನ ಭಾಗ ಮುಗಿಯಲೇಬೇಕು. ಮಾಡಿನವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಅಲೋಶಿಯಸ್ ಅರಸೊತ್ತಿಗೆಯ ಹಕ್ಕು ಬಿಟ್ಟುಕೊಟ್ಟದ್ದು, ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡಿದ್ದು, ಎಲ್ಲ ತಲೆಯ ಮೇಲೆಯೇ ನಡೆಯುತ್ತದೆ. ಬೆಂಚಿನಲ್ಲಿ ಕೂತು ಕತ್ತು ಹಿಂದಕ್ಕೆ ಹಾಕಿದರೆ ಸಾಕು.

ಮೊದಲ ಸಲ ಹೋಗುವವರು ದೊಡ್ಡ ಚಿತ್ರಗಳನ್ನು ನೋಡಿ ಹೊರಟುಬಿಡುತ್ತಾರೆ. ಅವುಗಳ ನಡುವಿನ ಅಂಚುಗಳನ್ನು ನೋಡಿ ಮಾರಾಯ್ರೆ. ಉಬ್ಬು ಕೆತ್ತನೆ ಎಂದುಕೊಂಡ ಎಷ್ಟೋ ಹೂಬಳ್ಳಿ, ಎಷ್ಟೋ ಪಟ್ಟಿ ಬರೀ ಚಪ್ಪಟೆ ಬಣ್ಣ. ಎದ್ದು ಪಕ್ಕಕ್ಕೆ ಸರಿಯಿರಿ, ಅದರ ನೆರಳು ಸರಿಯುವುದಿಲ್ಲ. ನೆರಳನ್ನೂ ಅವರು ಬರೆದೇ ಇಟ್ಟಿದ್ದಾರೆ. ಪೂಜೆ ನಡೆಯುವ ಜಾಗ, ಹಾಗಾಗಿ ಮಾತು ಕಡಿಮೆ ಇರಲಿ.

ಮಧ್ಯಾಹ್ನದ ಊಟ ಮುಗಿಸಿ ಬಲ್ಲಾಳ್‌ಬಾಗಿಗೆ ಬರುವುದು. ಅಲ್ಲಿ ಪ್ರಸಾದ್ ಆರ್ಟ್ ಗ್ಯಾಲರಿ ಉಂಟು, ಹಳೆಯ ಗುತ್ತಿನ ಮನೆಯಲ್ಲಿ ನಡೆಯುವ ಕೊಡಿಯಾಲ್‌ಗುತ್ತು ಕಲಾ ಕೇಂದ್ರವೂ ಉಂಟು. ಪ್ರದರ್ಶನ ವರ್ಷವಿಡೀ ಇರುವುದಿಲ್ಲ, ಪತ್ರಿಕೆಯ ‘ಇಂದಿನ ಕಾರ್ಯಕ್ರಮ’ ನೋಡಿಯೇ ಹೊರಡಬೇಕು. ಇದು ಊರಿನ ದೊಡ್ಡ ಕೊರತೆ, ಒಪ್ಪುತ್ತೇನೆ. ಆದರೆ ಪ್ರದರ್ಶನ ಇದ್ದ ದಿನ ಎಷ್ಟೋ ಸಲ ಚಿತ್ರ ಬರೆದವರೇ ಮೂಲೆಯಲ್ಲಿ ಕುರ್ಚಿ ಹಾಕಿ ಕೂತಿರುತ್ತಾರೆ. ಒಮ್ಮೆ ಜಲವರ್ಣದ ದೋಣಿಯೊಂದರ ಎದುರು ತುಂಬ ಹೊತ್ತು ನಿಂತಿದ್ದಕ್ಕೆ ಬರೆದವರು ಎದ್ದು ಬಂದು, ನೀರಿನ ಮೇಲಿನ ಹೊಳಪು ಬಣ್ಣ ಹಚ್ಚದೆ ಬಿಟ್ಟ ಕಾಗದ ಎಂದು ಬೆರಳು ತೋರಿಸಿ ಹೇಳಿದರು. ಬೆಂಗಳೂರಿನ ದೊಡ್ಡ ಗ್ಯಾಲರಿಗಳಲ್ಲಿ ನನಗೆ ಇಂಥದ್ದು ಸಿಕ್ಕಿಲ್ಲ.

ಹೊತ್ತು ಉಳಿದರೆ ಬಿಜೈಯ ಶ್ರೀಮಂತಿ ಬಾಯಿ ಮ್ಯೂಸಿಯಂ. ಹಡಗಿನಾಕಾರದ ಆ ಕಟ್ಟಡ ನೋಡಲಿಕ್ಕಾದರೂ ಹೋಗಬಹುದು. ದಿನದ ಖರ್ಚು ಬಸ್ಸು, ಊಟ, ಸಂಜೆಯ ಗಡ್‌ಬಡ್ ಐಸ್‌ಕ್ರೀಮ್ ಎಲ್ಲ ಸೇರಿ ಐನೂರು ದಾಟುವುದಿಲ್ಲ, ರಾತ್ರಿ ನಿದ್ದೆ ನಮ್ಮ ಹಾಸಿಗೆಯಲ್ಲೇ.

ಬೆಂಗಳೂರನ್ನು ನಾನು ಬಿಟ್ಟಿಲ್ಲ. ಜನವರಿಯಲ್ಲಿ ಪರಿಷತ್ತಿನ ಚಿತ್ರಸಂತೆಗೆ ಹೋಗಿಯೇ ಹೋಗುತ್ತೇನೆ, ಆದರೆ ಹಿಂದಿನ ದಿನವೇ ಹೊರಟು ಮಲ್ಲೇಶ್ವರದ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು. ಅಲ್ಲಿಂದ ಕುಮಾರಕೃಪಾ ರಸ್ತೆ ಹತ್ತಿರ, ಚೀಲವೂ ಚಿಕ್ಕಮ್ಮನ ಮನೆಯಲ್ಲೇ ಇರುತ್ತದೆ.