ಕೋಡಿಬಾಗದ ಬೋರ್ಡಿಲ್ಲದ ಮೆಸ್: ಹೊಸ ಹುಡುಗರಿಗೆ

ಕಾರವಾರಕ್ಕೆ ಓದಲು ಬಂದು, ಒಬ್ಬರೇ ಕೂತು ಉಣ್ಣೋಕೆ ನನ್ನ ಹಾಗೆ ಮುಜುಗರ ಪಡುವವರಿದ್ದರೆ ಕೋಡಿಬಾಗದ ಈ ಮನೆ ಮೆಸ್‌ಗೆ ಹೋಗಿ. ಬೋರ್ಡ್ ಇಲ್ಲ, ಜಗಲಿಯಲ್ಲಿ ಉದ್ದ ಬೆಂಚು ಅಷ್ಟೇ. ಅದೇ ಒಳ್ಳೇದಾಯ್ತು. ಯಾರ ಪಕ್ಕ ಕೂರಲಿ ಅಂತ ಯೋಚಿಸುವಷ್ಟರಲ್ಲಿ ತಟ್ಟೆ ಬಂದಿರುತ್ತದೆ, ಎದುರಿನ ಸೀನಿಯರ್ ಸಾರಿನ ಪಾತ್ರೆ ನಮ್ಮ ಕಡೆ ತಳ್ಳಿ ಯಾವ ಊರು, ಯಾವ ಕೋರ್ಸು ಅಂತ ಮಾತು ಶುರು ಮಾಡಿರುತ್ತಾರೆ. ಫ್ರೆಶರ್ಸ್ ಪಾರ್ಟಿಯಲ್ಲೂ ನನಗೆ ಇಷ್ಟು ಪರಿಚಯ ಆಗಲಿಲ್ಲ.

ಕುಚ್ಚಲಕ್ಕಿ ಅನ್ನ, ಮೀನು ಸಾರು, ರವೆ ಹಚ್ಚಿ ಹುರಿದ ಬಂಗಡೆ. ಬಂಗಡೆಯ ಅಂಚು ಗರಿಗರಿ, ಒಳಗೆ ಮೆತ್ತಗೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್‌ಗಳು ಕಡಲಿಗೆ ಇಳಿಯುವುದಿಲ್ಲ ಅಲ್ವಾ, ಆಗ ಜಾಸ್ತಿ ಒಣಮೀನೇ. "ತಮ್ಮಾ, ಸುಮ್ನೆ ಕೂರಬೇಡ, ಇನ್ನೊಂದು ಸೌಟು ಹಾಕ್ತೆ" ಅಂತ ಅಕ್ಕ ಬಡಿಸುತ್ತಲೇ ಇರುತ್ತಾರೆ.

ಘಟ್ಟದ ಮೇಲಿನ ಸಸ್ಯಾಹಾರಿಗಳಿಗೆ ಮಾತ್ರ ಕಷ್ಟ. ತಂಬುಳಿ, ಅಪ್ಪೆಹುಳಿ ಕನಸೇ ಸರಿ, ದಿನಾ ಅದೇ ನೀರು ನೀರಾದ ತೊವೆ. ತಿಂಗಳ ದುಡ್ಡು ಮುಂಗಡ ಕೊಡಬೇಕು, ಊರಿಗೆ ಹೋದರೂ ಕಡಿಮೆ ಮಾಡುವುದಿಲ್ಲ. ಭಾನುವಾರ ರಾತ್ರಿ ರಜೆ, ರೂಮಲ್ಲಿ ಅವಲಕ್ಕಿ ಇಟ್ಟುಕೊಂಡಿರಿ.