ಬಿರುಕಿನ ಬಾಯಿಗೆ ಯಾವ ಮರಳು: ಬರಿ ಮರಳು, ಸೆರಾಮಿಕ್, ಎರಡು ಬಗೆಯ ರೆಸಿನ್ ಲೇಪ

ತೈಲ, ಅನಿಲ ಬಾವಿಯ ತಳದ ಕಲ್ಲನ್ನು ಒತ್ತಡದ ದ್ರವದಿಂದ ಸೀಳಿ (ಇದೇ ಫ್ರ್ಯಾಕ್ಚರಿಂಗ್), ಆ ಬಿರುಕು ಮತ್ತೆ ಮುಚ್ಚದಂತೆ ಮರಳು ತುಂಬುತ್ತೇವೆ. ಅದಕ್ಕೆ ಯಾವ ಮರಳು ಎಂದರೆ, ನನ್ನ ಮತ ಎರಡು ಪದರದ ರೆಸಿನ್ (ಬಿಸಿಗೆ ಗಟ್ಟಿಯಾಗುವ ಅಂಟು) ಲೇಪದ ಮರಳಿಗೆ. ಒಳಪದರ ಕಾರ್ಖಾನೆಯಲ್ಲೇ ಪೂರ್ತಿ ಗಟ್ಟಿಯಾಗಿ, ಹೊರಗಿನ ತೆಳು ಪದರ ಮಾತ್ರ ಬಾವಿಯೊಳಗೆ ಬೆಸೆಯಲೆಂದು ಉಳಿದಿರುವಂಥದ್ದು. ಅದೂ ಇಡೀ ಜಾಬ್‌ಗೆ, ಅಂದರೆ ಒಂದು ಸಲಕ್ಕೆ ಪಂಪ್ ಮಾಡುವ ಅಷ್ಟೂ ಮರಳಿಗೆ, ಬೇಡ. ಕೊನೆಯ ಕಾಲುಭಾಗಕ್ಕೆ, ಕೆಲವೊಮ್ಮೆ ಅದಕ್ಕಿಂತ ಕಡಿಮೆಗೆ ಸಾಕು, ಮಿಕ್ಕಿದ್ದಕ್ಕೆ ಬರಿ ಮರಳು. ಪೂರ್ತಿ ಹಸಿ ಲೇಪದ, ಅಂದರೆ ರೆಸಿನ್ ಇನ್ನೂ ಗಟ್ಟಿಯಾಗದ, ಮರಳು ಹಾಕಿದ ಒಂದು ಬಾವಿ ನಮ್ಮನ್ನು ಬಹಳ ಕಾಡಿಸಿತು. ಅದೇ ಕಲ್ಲಿನ ಪದರಕ್ಕೆ ಕೊರೆದ ಪಕ್ಕದ ಬಾವಿಯಲ್ಲಿ ಎರಡು ಪದರದ ಮರಳು ತಕರಾರಿಲ್ಲದೆ ಕೂತಿತು. ಈ ಹೋಲಿಕೆ ಹುಟ್ಟಿದ್ದು ಅಲ್ಲಿಂದ.

ನಾನು ಕೆಲಸ ಮಾಡುವ ಬಾವಿಗಳು ಮಧ್ಯಮ ಆಳದವು. ತಳದ ಉಷ್ಣತೆ 80 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಬಿರುಕು ಮುಚ್ಚಿಕೊಳ್ಳಲು ಒತ್ತುವ ಬಲ 5000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಆಚೀಚೆ. ದ್ರವ ಗೌರ್ ಜೆಲ್, ಅಂದರೆ ಗೋರಿಕಾಯಿ ಬೀಜದ ಗೋಂದು, ಅದನ್ನು ಬೋರೇಟ್ ಹಾಕಿ ಕ್ರಾಸ್‌ಲಿಂಕ್ ಮಾಡಿದ್ದು, ಅಂದರೆ ಅದರ ಸರಪಳಿಗಳನ್ನು ಒಂದಕ್ಕೊಂದು ಹೆಣೆದು ದಪ್ಪ ಮಾಡಿದ್ದು. ಕಾಳಿನ ಗಾತ್ರ 20/40 ಮೆಶ್, ಅಂದರೆ 20ನೇ ನಂಬರಿನ ಜರಡಿ ದಾಟಿ 40ನೆಯದರಲ್ಲಿ ನಿಲ್ಲುವಂಥದ್ದು. ನಿಮ್ಮ ಬಾವಿ ಇದಕ್ಕಿಂತ ಬಹಳ ಆಳದ್ದಾದರೆ, ಅಥವಾ ನೀವು ಪಂಪ್ ಮಾಡುವುದು ತೆಳು ಸ್ಲಿಕ್‌ವಾಟರ್ (ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆಸಿದ ನೀರು) ಆದರೆ, ನನ್ನ ತೀರ್ಪು ನಿಮಗೆ ಹಾಗೇ ಹೊಂದುವುದಿಲ್ಲ.

ಬರಿ ಮರಳಿನ ಬಗ್ಗೆ ಅಸಡ್ಡೆ ಬೇಡ. 1949ರಲ್ಲಿ ಫ್ರ್ಯಾಕ್ಚರಿಂಗ್ ವಾಣಿಜ್ಯ ಕೆಲಸವಾಗಿ ಶುರುವಾದಾಗಿನಿಂದ ಇವತ್ತಿನವರೆಗೆ ಹೆಚ್ಚಿನ ಹೊರೆ ಹೊತ್ತಿರುವುದು ಅದೇ. ಮುಚ್ಚಿಕೊಳ್ಳಲು ನೋಡುವ ಬಾಗಿಲಿಗೆ ಬೆಣೆ ಕೊಟ್ಟ ಹಾಗೆ, ಬಿರುಕಿನ ಎರಡು ಗೋಡೆ ಕೂಡದಂತೆ ತಡೆಯುವುದು ಅದರ ಕೆಲಸ, ಸುಮಾರು 6000 ಪಿಎಸ್‌ಐವರೆಗೆ ಒಳ್ಳೆಯ ಸ್ಫಟಿಕ ಮರಳು ಆ ಕೆಲಸ ಮಾಡುತ್ತದೆ. ಅದರಾಚೆ ಕಾಳು ಒಡೆದು ಪುಡಿಯಾಗುತ್ತದೆ, ಪುಡಿ ಹರಿದು ಬಂದು ಸಂದುಗಳನ್ನು ಮುಚ್ಚುತ್ತದೆ. ನಮ್ಮ ಒತ್ತಡದಲ್ಲಿ ಆ ಭಯ ಕಡಿಮೆ. ನಮ್ಮ ತೊಂದರೆ ಬೇರೆ: ಮರಳು ಒಳಗೆ ನಿಲ್ಲುವುದಿಲ್ಲ. ಬಾವಿ ಹರಿಯತೊಡಗಿದಾಗ ಬಾಯಿಯ ಹತ್ತಿರದ ಕಾಳುಗಳು ಅನಿಲದ ಜೊತೆ ಎದ್ದು ಬರುತ್ತವೆ. ಹರಿವನ್ನು ಹಿಡಿತದಲ್ಲಿಡುವ ಚೋಕ್ ಸವೆಯುತ್ತದೆ, ಅನಿಲ ಮತ್ತು ದ್ರವವನ್ನು ಬೇರ್ಪಡಿಸುವ ಸೆಪರೇಟರ್ ತಳದಲ್ಲಿ ಮರಳು ಗುಡ್ಡೆಯಾಗುತ್ತದೆ, ಒಳಗೆ ಪಂಪ್ ಇಳಿಸಿದ್ದರೆ ಅದರ ಇಂಪೆಲರ್ ಹಾಳಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಮರಳು ಖಾಲಿಯಾದ ಜಾಗದಲ್ಲಿ ಬಿರುಕು ಮುಚ್ಚಿಕೊಳ್ಳುತ್ತದೆ. ಹಿಂದೆ ಎಷ್ಟು ಉದ್ದದ ಬಿರುಕಿದ್ದರೂ ಬಾಯಿ ಮುಚ್ಚಿದ ಮೇಲೆ ಪ್ರಯೋಜನವಿಲ್ಲ.

ಸೆರಾಮಿಕ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಗುಂಡಗಿನ, ಒಂದೇ ಸಮನಾದ, ಬಲವಾದ ಕಾಳು. 10,000 ಪಿಎಸ್‌ಐ ದಾಟುವ ಆಳದಲ್ಲಿ ಅದಕ್ಕೆ, ಅಥವಾ ಇನ್ನೂ ಗಟ್ಟಿಯಾದ ಸಿಂಟರ್ಡ್ ಬಾಕ್ಸೈಟ್‌ಗೆ (ಸುಟ್ಟು ಗಟ್ಟಿ ಮಾಡಿದ ಬಾಕ್ಸೈಟ್ ಅದಿರು), ಮರಳು ಯಾವ ಲೇಪ ಹೊದ್ದರೂ ಸಾಟಿಯಲ್ಲ. ಆದರೆ ನಮ್ಮ ಒತ್ತಡಕ್ಕೆ ಆ ಬಲ ಬೇಕಿಲ್ಲ, ಬೇಡದ ಬಲಕ್ಕೆ ಹಣ ಕೊಡುವ ಬಜೆಟ್ ನನ್ನದಲ್ಲ. ಮರಳಿನ ಸಾಪೇಕ್ಷ ಸಾಂದ್ರತೆ 2.65, ಬಾಕ್ಸೈಟ್‌ನದು 3.5ರ ಮೇಲೆ. ಭಾರ ಹೆಚ್ಚಿದಷ್ಟೂ ಕಾಳು ಬೇಗ ತಳಕ್ಕಿಳಿಯುತ್ತದೆ, ಅದನ್ನು ತೇಲಿಸಿ ಒಯ್ಯಲು ಜೆಲ್ ಇನ್ನೂ ದಪ್ಪವಿರಬೇಕು. ಗುಂಡಗಿನ ನುಣುಪು ಕಾಳು ವಾಪಸ್ ಬರುವುದನ್ನು ತಾನಾಗಿ ತಡೆಯುವುದೂ ಇಲ್ಲ. ನಮ್ಮ ಮುಖ್ಯ ಸಮಸ್ಯೆಗೆ ಅದು ಉತ್ತರವಾಗಲಿಲ್ಲ.

ಹಾಗಾಗಿ ಹಸಿ ಲೇಪದ ಮರಳಿಗೆ ಹೋದೆವು. ಕಾಳಿನ ಮೇಲೆ ನೋವೊಲಾಕ್ ಜಾತಿಯ ಫಿನಾಲಿಕ್ (ಫಿನಾಲ್‌ನಿಂದ ಮಾಡಿದ) ರೆಸಿನ್, ತೂಕದಲ್ಲಿ ಕೆಲವೇ ಶೇಕಡಾ, ಜೊತೆಗೆ ಅದನ್ನು ಗಟ್ಟಿ ಮಾಡುವ ಹೆಕ್ಸಾಮಿನ್. ಬಿರುಕು ಮುಚ್ಚಿ ಕಾಳುಗಳು ಒಂದಕ್ಕೊಂದು ಒತ್ತಿಕೊಂಡಾಗ, ಕಲ್ಲಿನ ಬಿಸಿಗೆ ರೆಸಿನ್ ಮೆತ್ತಗಾಗಿ ಬೆಸೆದು ಗಟ್ಟಿಯಾಗಬೇಕು. ಕಾಗದದ ಮೇಲೆ ಇದಕ್ಕಿಂತ ಚೆಂದದ ಉಪಾಯವಿಲ್ಲ. ಬೆಸುಗೆ ಬಲದ ಅಂಕಿಯಂತೂ ಎಲ್ಲರಿಗಿಂತ ಮೇಲೆ.

ಆ ಅಂಕಿ ಹೇಳದ ಸಂಗತಿ ಒಂದಿದೆ. ಬೋರೇಟ್ ಜೆಲ್ ದಪ್ಪವಾಗಿ ನಿಲ್ಲಬೇಕಾದರೆ ದ್ರವ ಕ್ಷಾರೀಯವಾಗಿರಬೇಕು, ಪಿಎಚ್ 9ರ ಮೇಲೆ. ಗಟ್ಟಿಯಾಗದ ಫಿನಾಲಿಕ್ ರೆಸಿನ್ ಕರಗುವುದು ಕ್ಷಾರದಲ್ಲೇ. ಮರಳು ಮೇಲಿನಿಂದ ಹೊರಟು ಬಿರುಕಿನಲ್ಲಿ ಕೂತು, ಬಿರುಕು ಮುಚ್ಚುವವರೆಗೆ ಬಿಸಿಯಾಗುತ್ತಿರುವ ಈ ದ್ರವದಲ್ಲೇ ನೆನೆಯುತ್ತದೆ. ಅಷ್ಟರಲ್ಲಿ ಲೇಪದ ಒಂದು ಪಾಲು ತೊಳೆದು ಹೋಗುತ್ತದೆ. ಕರಗಿದ ಫಿನಾಲ್ ಆಮ್ಲೀಯವಾದ್ದರಿಂದ ಪಿಎಚ್ ಇಳಿಯುತ್ತದೆ, ಇಳಿದಂತೆ ಕ್ರಾಸ್‌ಲಿಂಕ್ ಸಡಿಲವಾಗುತ್ತದೆ. ಹೀಗೆ ದಪ್ಪಗಿರಬೇಕಾದಾಗ ತೆಳ್ಳಗಾಗುವ ಜೆಲ್, ತೆಳ್ಳಗಾಗಬೇಕಾದಾಗ ದಪ್ಪಗೇ ಉಳಿಯುವುದೂ ಈ ಕರಗಿದ ರೆಸಿನ್‌ನಿಂದಲೇ. ಹೇಗೆಂದರೆ, ಕೆಲಸ ಮುಗಿದ ಮೇಲೆ ಜೆಲ್ ಒಡೆಯಲು ಹಾಕುವ ಪರ್ಸಲ್ಫೇಟ್ ಬ್ರೇಕರ್ ಕೆಲಸ ಮಾಡುವುದು ಫ್ರೀ ರ್‍ಯಾಡಿಕಲ್‌ಗಳ (ಬಹಳ ಚುರುಕಾಗಿ ಪ್ರತಿಕ್ರಿಯಿಸುವ ಕಣಗಳ) ಮೂಲಕ, ಫಿನಾಲ್ ಎಂಬುದು ಅವುಗಳನ್ನು ನುಂಗುವ ವಸ್ತು. ಗೌರ್ ಸರಪಳಿಯನ್ನು ಕತ್ತರಿಸಬೇಕಾದ ಬ್ರೇಕರ್ ರೆಸಿನ್ ಮೇಲೆ ಖರ್ಚಾಗಿಬಿಡುತ್ತದೆ.

ನಮ್ಮ ಬಾವಿಯಲ್ಲಿ ಆದದ್ದು ಇದೇ. ಮೊದಲು ವಾಪಸ್ ಬಂದ ದ್ರವ ಎಳೆಎಳೆಯಾಗಿ, ಅರ್ಧ ಒಡೆದ ಜೆಲ್. ಹರಿವು ನಿಧಾನ. ಆಮೇಲೆ ಮರಳೂ ಬಂತು, ಬಿಡಿಬಿಡಿ ಕಾಳುಗಳಾಗಿ. ಬೆಸೆದದ್ದು ಒಡೆದು ಬಂದಿದ್ದರೆ ನಾಲ್ಕೈದು ಕಾಳು ಅಂಟಿಕೊಂಡ ಗಂಟುಗಳು ಕಾಣಬೇಕಿತ್ತು, ಒಂದೂ ಇರಲಿಲ್ಲ. ಹೆಚ್ಚು ಹಣ ಕೊಟ್ಟು ಹಾಕಿದ ಮರಳು ಬರಿ ಮರಳಿನಂತೆಯೇ ಹೊರಬಂತು, ಜೊತೆಗೆ ಬರಿ ಮರಳು ಎಂದೂ ಮಾಡದ ಜೆಲ್ ತೊಂದರೆಯನ್ನೂ ಕೊಟ್ಟಿತು. ಮಾರಿದವರು ಕಳಿಸಿದ ವರದಿಯಲ್ಲಿ ಜೆಲ್ ಪರೀಕ್ಷೆ ಚೊಕ್ಕವಾಗಿತ್ತು. ಆದರೆ ಆ ಪರೀಕ್ಷೆಯ ಜೆಲ್‌ನಲ್ಲಿ ಮರಳೇ ಇರಲಿಲ್ಲ. ಬೆಸುಗೆ ಬಲ ಅಳೆದದ್ದು ಬರಿ ಉಪ್ಪುನೀರಿನಲ್ಲಿ. ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ ಎರಡೂ ಪಾಸು ಎನ್ನುವುದು ಈ ವಸ್ತುವಿನ ಮಟ್ಟಿಗೆ ಅರ್ಥವಿಲ್ಲದ ಮಾತು, ಏಕೆಂದರೆ ಬಾವಿಯೊಳಗೆ ಅವೆರಡೂ ಒಟ್ಟಿಗೇ ಇರುತ್ತವೆ.

ಅಲ್ಲಿಂದಾಚೆಗೆ ನಾನು ಯಾವ ಲೇಪಿತ ಮರಳನ್ನೂ ಎರಡು ಜಾಡಿ ಇಡದೆ ಒಪ್ಪುವುದಿಲ್ಲ. ಎರಡರಲ್ಲೂ ಅದೇ ಸೈಟಿನ ನೀರು, ಅದೇ ಜೆಲ್, ಅಷ್ಟೇ ಬ್ರೇಕರ್. ಒಂದರಲ್ಲಿ ಮಾತ್ರ ಮರಳು, ಜಾಬ್‌ನಲ್ಲಿ ಹಾಕುವಷ್ಟೇ ಪ್ರಮಾಣದಲ್ಲಿ. ಬಾವಿಯ ಉಷ್ಣತೆಯ ನೀರಿನ ತೊಟ್ಟಿಯಲ್ಲಿಟ್ಟು ಪಿಎಚ್, ಸ್ನಿಗ್ಧತೆ ನೋಡುತ್ತಾ ಹೋಗುವುದು. ಹಸಿ ಲೇಪದ ಜಾಡಿಯಲ್ಲಿ ದ್ರವ ಕಂದು ಬಣ್ಣಕ್ಕೆ ತಿರುಗಿತು, ಪಿಎಚ್ ಕಣ್ಣೆದುರೇ ಇಳಿಯಿತು, ಪಕ್ಕದ ಜಾಡಿ ನೀರಾದ ಮೇಲೂ ಇದು ಲೋಳೆಯಾಗಿಯೇ ಉಳಿಯಿತು. ಎರಡು ಪದರದ ಮರಳಿನ ಜಾಡಿಯಲ್ಲಿ ವ್ಯತ್ಯಾಸ ಅಲ್ಪ, ಬ್ರೇಕರ್ ಕೊಂಚ ಹೆಚ್ಚಿಸಿದರೆ, ಅದರಲ್ಲೂ ಕವಚ ಹಾಕಿದ ಬ್ರೇಕರ್ ಬಳಸಿದರೆ, ಸರಿಹೋಗುವಷ್ಟು.

ಕಾರಣ ಸರಳ: ಕರಗಲು ಅಲ್ಲಿ ಹಸಿ ರೆಸಿನ್ ಕಡಿಮೆ. ಹೊರಪದರ ಬೆಸೆಯುತ್ತದೆ. ಒಳಪದರ ಕಾಳಿನ ಮೇಲೆ ಬೀಳುವ ಒತ್ತಡವನ್ನು ಹಂಚಿ, ಕಾಳು ಒಡೆದರೂ ಪುಡಿಯನ್ನು ತನ್ನೊಳಗೇ ಹಿಡಿದಿಡುತ್ತದೆ. ಬೆಸುಗೆ ಬಲ ಪೂರ್ತಿ ಹಸಿ ಲೇಪಕ್ಕಿಂತ ಕಡಿಮೆ, ಒಪ್ಪುತ್ತೇನೆ. ಆದರೆ ದ್ರವದಲ್ಲಿ ನೆನೆದ ಮೇಲೆ ಉಳಿಯುವ ಬಲ ನನಗೆ ಮುಖ್ಯ, ಅಲ್ಲಿ ಇದೇ ಮುಂದೆ. ಪಕ್ಕದ ಬಾವಿಯಲ್ಲಿ ಮೊದಲ ಹರಿವಿನಲ್ಲಿ ಒಂದಿಷ್ಟು ಮರಳು ಬಂದು ನಿಂತಿತು, ಚೋಕ್ ಬದಲಿಸಬೇಕಾಗಲಿಲ್ಲ.

ಪೂರ್ತಿ ಗಟ್ಟಿಯಾದ ಲೇಪದ್ದೂ ಸಿಗುತ್ತದೆ. ಜೆಲ್‌ಗೆ ತೊಂದರೆಯಿಲ್ಲ, ಬಲ ಹೆಚ್ಚು, ಆದರೆ ಬೆಸೆಯುವುದೇ ಇಲ್ಲ. ನಮಗೆ ಬೇಕಾದದ್ದು ಬೆಸುಗೆ.

ಸೈಟಿನಲ್ಲೇ ಮರಳು ಮತ್ತು ದ್ರವ ಬೆರೆಸುವ ಬ್ಲೆಂಡರ್ ಬಳಿ ಎಪಾಕ್ಸಿ ದ್ರವವನ್ನು ಮರಳಿಗೆ ಹಚ್ಚುತ್ತಾ ಪಂಪ್ ಮಾಡುವ ಪದ್ಧತಿ ಒಂದಿದೆ. ತಾಜಾ ರೆಸಿನ್ ಕಾಳುಗಳು ಮುಟ್ಟುವ ಜಾಗಕ್ಕೆ ತಾನಾಗಿ ಹರಿದು ಸೇರುತ್ತದೆ, ಬೆಸುಗೆ ಅಚ್ಚುಕಟ್ಟು. ಆದರೆ ಪಳಗಿದ ಕೈಗಳು ಬೇಕು. ಪಂಪ್ ನಡುವೆ ನಿಂತರೆ ಕೊಳವೆಯೊಳಗೇ ಗಟ್ಟಿಯಾಗುವ ಭಯ, ಮುಗಿದ ಮೇಲೆ ಸಾಲ್ವೆಂಟ್ ಹಾಕಿ ಎಲ್ಲ ತೊಳೆಯುವ ಕೆಲಸ, ಎಪಾಕ್ಸಿ ಚರ್ಮಕ್ಕೆ ತಾಗಿದರೆ ಅಲರ್ಜಿ. ನಮ್ಮ ತಂಡ ಚಿಕ್ಕದು, ನಾನು ಆ ಕಡೆ ಹೋಗುವುದಿಲ್ಲ. ಗಟ್ಟಿಯಾಗದೆ ಅಂಟಂಟಾಗೇ ಉಳಿಯುವ ಲೇಪಕ್ಕೆ ಒಂದು ಒಳ್ಳೆಯ ಗುಣವಿದೆ: ಬಾವಿಯನ್ನು ಪದೇಪದೇ ಮುಚ್ಚಿ ತೆರೆದಾಗ ರೆಸಿನ್ ಬೆಸುಗೆ ಒಡೆದರೆ ಮತ್ತೆ ಕೂಡದು, ಅಂಟು ಕೂಡುತ್ತದೆ. ಆದರೆ ಹಿಡಿತ ಕಡಿಮೆ.

ಕಾಳನ್ನು ಒತ್ತಿ ಎಷ್ಟು ಪುಡಿಯಾಯಿತೆಂದು ಜರಡಿ ಹಿಡಿದು ನೋಡುವ ಕ್ರಶ್ ಪರೀಕ್ಷೆಯ ಅಂಕಿ ನೋಡಿ ಲೇಪಿತ ಮರಳನ್ನು ಆರಿಸಬೇಡಿ. ಒಡೆದ ಚೂರುಗಳು ಲೇಪಕ್ಕೆ ಅಂಟಿ ಜರಡಿಯಿಂದ ಕೆಳಗೆ ಬೀಳುವುದಿಲ್ಲ, ಅಂಕಿ ಚೆಂದ ಕಾಣುತ್ತದೆ. ಕಾಳನ್ನು ಒತ್ತಡದಲ್ಲಿಟ್ಟು ಪ್ರತಿ ಹಂತಕ್ಕೂ 50 ಗಂಟೆ ದ್ರವ ಹರಿಸಿ ಅಳೆಯುವ ಕಂಡಕ್ಟಿವಿಟಿ (ಮರಳಿನ ಮೂಲಕ ದ್ರವ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ) ವರದಿಯನ್ನೇ ಕೇಳಿ ಪಡೆಯಿರಿ.

ಕೊನೆಯ ಕಾಲುಭಾಗ ಮಾತ್ರ ಸಾಕು ಎಂದೆನಲ್ಲ, ಅದು ದಪ್ಪ ಜೆಲ್‌ಗೆ ಒಪ್ಪುವ ಲೆಕ್ಕ. ಜೆಲ್ ಮರಳನ್ನು ತೇಲಿಸಿಯೇ ಹಿಡಿದಿರುವುದರಿಂದ ಕೊನೆಗೆ ಹೋದದ್ದು ಬಾವಿಯ ಬಾಯಲ್ಲೇ ಉಳಿಯುತ್ತದೆ. ಸ್ಲಿಕ್‌ವಾಟರ್‌ನಲ್ಲಿ ಮೊದಲು ಹೋದ ಮರಳು ಬಾಯ ಹತ್ತಿರವೇ ದಿಬ್ಬವಾಗಿ ಕೂರುತ್ತದೆ, ಕೊನೆಯದು ಅದರ ಮೇಲಿಂದ ಹಾದು ಆಚೆ ಹೋಗಬಹುದು. ಅಂಥಲ್ಲಿ ನನ್ನ ಲೆಕ್ಕ ಹಿಡಿದು ಹಣ ಉಳಿಸಲು ಹೋಗಬೇಡಿ.

ತಳದ ಉಷ್ಣತೆ 60 ಡಿಗ್ರಿಗಿಂತ ಕೆಳಗಿದ್ದರೆ ಹೊರಪದರ ತಾನಾಗಿ ಬೆಸೆಯಲಾರದು, ಬೆಸುಗೆ ಶುರುಮಾಡಿಸುವ ರಾಸಾಯನಿಕ, ಅಂದರೆ ಆಕ್ಟಿವೇಟರ್, ಬೇಕಾಗುತ್ತದೆ. ಅದನ್ನೂ ಜಾಡಿಯಲ್ಲಿ ಸೇರಿಸಿಯೇ ಪರೀಕ್ಷಿಸಿ. ತಂದ ಮರಳನ್ನು ಬಿಸಿಲಿನಲ್ಲಿ ಬಹಳ ದಿನ ಇಡಬೇಡಿ, ಸೈಲೋದಲ್ಲೇ ಗಡ್ಡೆ ಕಟ್ಟುತ್ತದೆ. ಗಾಳಿಯೊತ್ತಡದಲ್ಲಿ ಕೊಳವೆ ಮೂಲಕ ಸಾಗಿಸುವಾಗ ವೇಗ ಕಡಿಮೆ ಇಡಿಸಿ, ಇಲ್ಲದಿದ್ದರೆ ಲೇಪ ಉಜ್ಜಿ ಪುಡಿಯಾಗಿ ಹೋಗುತ್ತದೆ, ಆ ಪುಡಿಯೂ ಬ್ರೇಕರ್ ತಿನ್ನುತ್ತದೆ.