ಡ್ಯಾಕ್‌ನಲ್ಲಿ ಅಪ್‌ಸ್ಯಾಂಪ್ಲಿಂಗ್: ಮೂರು ದಾರಿಗಳ ಹೋಲಿಕೆ

ಡ್ಯಾಕ್ ಎಂದರೆ ಡಿಜಿಟಲ್ ಅಂಕಿಗಳನ್ನು (ಸ್ಯಾಂಪಲ್‌ಗಳನ್ನು) ಸದ್ದಿನ ವಿದ್ಯುತ್ ಸಂಕೇತವಾಗಿಸುವ ಸಾಧನ; ಅಪ್‌ಸ್ಯಾಂಪ್ಲಿಂಗ್ ಎಂದರೆ ನಡುನಡುವೆ ಲೆಕ್ಕಹಾಕಿದ ಸ್ಯಾಂಪಲ್ ತುಂಬಿ ಅವುಗಳ ದರ ಏರಿಸುವುದು. ಅದರಿಂದ ಹೊಸ ವಿವರ ಕೇಳಿಸುತ್ತದೆಯೇ ಎಂದು ನೋಡಲು, ಸಿಡಿಯಿಂದ ತೆಗೆದ ಒಂದೇ 44.1 ಕಿಲೋಹರ್ಟ್ಸ್ ಫೈಲನ್ನು ಮೂರು ಬಗೆಯಲ್ಲಿ ನುಡಿಸಿ ಹೋಲಿಸಿದ್ದು ಇದು. ಒಂದು, ಟಿಡಿಎ 1543 ಚಿಪ್‌ನ, ಡಿಜಿಟಲ್ ಫಿಲ್ಟರೇ ಇಲ್ಲದ ನಾಸ್ (ನಾನ್-ಓವರ್‌ಸ್ಯಾಂಪ್ಲಿಂಗ್, ಅಂದರೆ ದರ ಏರಿಸದ) ಡ್ಯಾಕ್. ಎರಡು, ಚಿಪ್‌ನೊಳಗೇ ದರವನ್ನು 8 ಪಟ್ಟು ಏರಿಸಿಕೊಳ್ಳುವ ಮಾಮೂಲಿ ಡೆಲ್ಟಾ-ಸಿಗ್ಮಾ ಡ್ಯಾಕ್. ಮೂರು, ಅದೇ ಡ್ಯಾಕ್‌ಗೆ ಕಂಪ್ಯೂಟರಿನಲ್ಲೇ ಸಾಕ್ಸ್ ತಂತ್ರಾಂಶದಿಂದ 176.4ಕ್ಕೆ ಏರಿಸಿ ಕೊಟ್ಟದ್ದು.

ಮೊದಲು ಸದ್ದಿನ ಮಟ್ಟ ಸರಿಹೊಂದಿಸಬೇಕು; ತುಸು ಜೋರಾಗಿದ್ದದ್ದೇ ಕಿವಿಗೆ ಚೆನ್ನ ಅನಿಸುತ್ತದೆ. ಟೋನ್ ನುಡಿಸಿ ಮಲ್ಟಿಮೀಟರಿನಲ್ಲಿ ಎಸಿ ವೋಲ್ಟೇಜ್ ಅಳೆಯಿರಿ: 2 ವೋಲ್ಟ್‌ಗೆ 0.02ಕ್ಕಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಅಗ್ಗದ ಮೀಟರುಗಳು 400 ಹರ್ಟ್ಸ್ ದಾಟಿದರೆ ತಪ್ಪು ತೋರಿಸಬಹುದು, 300ರ ಟೋನ್ ಸಾಕು.

ನಾಸ್ ಡ್ಯಾಕ್ ಬೇರೆಯೆಂದು ಕಿವಿಗೇ ಗೊತ್ತಾಗುತ್ತದೆ. ಗೆಜ್ಜೆ, ತಾಳದ ಸದ್ದಿನ ಮೊನೆ ಮೊಂಡಾಗುತ್ತದೆ. 'ಅನಲಾಗ್ ಸೊಗಸು' ಎಂದು ಹೊಗಳುವುದು ಇದನ್ನೇ. ಆದರೆ 10 ಕಿಲೋಹರ್ಟ್ಸ್‌ನಲ್ಲಿ 0.75 ಡೆಸಿಬೆಲ್, 20ರಲ್ಲಿ 3.2 ಡೆಸಿಬೆಲ್ ಇಳಿಯುವುದು ಆ ವಿನ್ಯಾಸದ ಲೆಕ್ಕ. ಎರಡನೇ ಡ್ಯಾಕ್‌ಗೆ ಇಕ್ವಲೈಸರಿನಲ್ಲಿ ಅದೇ ಇಳಿತ ಕೊಟ್ಟರೆ ಅಂತರ ಬಹುಪಾಲು ಹೋಗುತ್ತದೆ. ಇನ್ನೊಂದು ತೊಂದರೆ: ಫಿಲ್ಟರ್ ಇಲ್ಲದ್ದರಿಂದ 15 ಕಿಲೋಹರ್ಟ್ಸ್ ಸ್ವರದ ಪ್ರತಿಬಿಂಬ, ಅಂದರೆ ಮೂಲದಲ್ಲಿಲ್ಲದ ನಕಲು ಸ್ವರ, 29.1ರಲ್ಲಿ (44.1ರಿಂದ 15 ಕಳೆದು) ಉಳಿದುಬಿಡುತ್ತದೆ. ಆಂಪ್ಲಿಫೈಯರ್ ಸಾಧಾರಣದ್ದಾದರೆ ಅವೆರಡೂ ಬೆರೆತು 14.1ರಲ್ಲಿ, ಅಂದರೆ ಕೇಳುವ ವ್ಯಾಪ್ತಿಯಲ್ಲೇ, ಕಸ ಹುಟ್ಟಿಸುತ್ತವೆ. 1982ರ ಫಿಲಿಪ್ಸ್ ಸಿಡಿ 100ರಲ್ಲೇ 4 ಪಟ್ಟು ಓವರ್‌ಸ್ಯಾಂಪ್ಲಿಂಗ್ (ಸಾಧನದೊಳಗೇ ದರ ಏರಿಸುವುದು) ಇತ್ತು. ಅದರ ಕೆಲಸ ಫಿಲ್ಟರನ್ನು ಸರಳ ಮಾಡುವುದು, 14 ಬಿಟ್ ಚಿಪ್‌ನ ನಾಯ್ಸ್ ತಗ್ಗಿಸುವುದು. ಹೊಸ ವಿವರ ಸೇರಿಸುವುದಲ್ಲ.

ಎರಡನೇ ಬಗೆಗೂ ಮೂರನೇ ಬಗೆಗೂ ಕಣ್ಣುಕಟ್ಟಿ ಕೇಳಿದರೆ ವ್ಯತ್ಯಾಸ ಸಿಗಲಿಲ್ಲ. ಎಬಿಎಕ್ಸ್‌ನಲ್ಲಿ (ನುಡಿಯುತ್ತಿರುವ ಎಕ್ಸ್ ಎಂಬುದು 'ಎ'ಯೋ 'ಬಿ'ಯೋ ಎಂದು ಕಿವಿಯಿಂದಲೇ ಗುರುತಿಸುವ ಪರೀಕ್ಷೆ) 16ಕ್ಕೆ 12 ಸರಿ ಬಂದರಷ್ಟೇ ಅದೃಷ್ಟವಲ್ಲ ಎನ್ನಬಹುದು. ಹೆಚ್ಚಿನ ಹಾಡುಗಳಲ್ಲಿ ಅದರ ಹತ್ತಿರಕ್ಕೂ ಹೋಗಲಿಲ್ಲ.

ಅಪವಾದ, ವಿಪರೀತ ಜೋರಾಗಿ ಮಾಸ್ಟರ್ ಮಾಡಿದ ಹಾಡುಗಳು. ಅವುಗಳಲ್ಲಿ ಎರಡು ಸ್ಯಾಂಪಲ್‌ಗಳ ನಡುವಿನ ಶಿಖರ ಪೂರ್ಣ ಮಟ್ಟಕ್ಕಿಂತ 3 ಡೆಸಿಬೆಲ್‌ವರೆಗೂ ಮೇಲೇರಬಹುದು, ಚಿಪ್‌ನ ಫಿಲ್ಟರ್ ಅಲ್ಲಿ ಕ್ಲಿಪ್ ಆಗಬಹುದು, ಅಂದರೆ ಶಿಖರ ಕತ್ತರಿಸಿ ಸದ್ದು ಒರಟಾಗಬಹುದು. ಸಾಕ್ಸ್‌ನಲ್ಲಿ ಮೊದಲು ಗೇನ್ -4 (ಮಟ್ಟವನ್ನು 4 ಡೆಸಿಬೆಲ್ ಇಳಿಸುವ ಆಜ್ಞೆ), ಆಮೇಲೆ ರೇಟ್ 176400, ಔಟ್‌ಪುಟ್ 24 ಬಿಟ್ ಕೊಟ್ಟರೆ ಒರಟುತನ ಹೋಯಿತು. ಆದರೆ ರೇಟ್ ಮುಟ್ಟದೆ ಬರೀ -4 ಮಾಡಿ 24 ಬಿಟ್‌ನಲ್ಲೇ ನುಡಿಸಿದರೂ ಹೋಯಿತು! ಕೀರ್ತಿ ಸಲ್ಲಬೇಕಾದ್ದು ಅಪ್‌ಸ್ಯಾಂಪ್ಲಿಂಗ್‌ಗಲ್ಲ, ತಗ್ಗಿಸಿದ ಮಟ್ಟಕ್ಕೆ.

ಹೋಲಿಸುವ ಮುನ್ನ ವಿಂಡೋಸ್‌ನಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ ಮೋಡ್ (ವಿಂಡೋಸ್ ಮಿಕ್ಸರ್ ಬಿಟ್ಟು ಸದ್ದನ್ನು ನೇರ ಡ್ಯಾಕ್‌ಗೆ ಕಳಿಸುವ ದಾರಿ) ಹಾಕಿ. ಇಲ್ಲದಿದ್ದರೆ ಮಿಕ್ಸರ್ ಎಲ್ಲವನ್ನೂ ಒಂದೇ ದರಕ್ಕೆ ತಂದು, ಒಂದೇ ಫೈಲನ್ನು ಎರಡು ಸಲ ಕೇಳಿದಂತಾಗುತ್ತದೆ.